ಮೆರವಣಿಗೆಯ ಮಂದ್ರಸ್ವರ: ಟ್ಯೂಬಾ ವಾದ್ಯದ ಚರಿತ್ರೆಯೂ ಅಳತೆಯ ವಿವೇಕವೂ

ಪೀಠಿಕೆ

ಒಂದು ಧರ್ಮಕೇಂದ್ರದ ನೂರು ವರ್ಷಗಳ ಚರಿತ್ರೆಯನ್ನು ಬರೆಯಹೊರಟವರು ಕಟ್ಟಡಗಳ ಬಗೆಗೂ, ಸೇವೆ ಸಲ್ಲಿಸಿದ ಗುರುಗಳು ಮತ್ತು ಕನ್ಯಾಸ್ತ್ರೀಯರ ಬಗೆಗೂ, ಶಾಲೆ ಔಷಧಾಲಯಗಳ ಬಗೆಗೂ ಬರೆಯುವುದು ವಾಡಿಕೆ. ಅದು ಯುಕ್ತವೇ ಸರಿ. ಈ ಸ್ಮರಣ ಸಂಚಿಕೆಯ ಬೇರೆ ಪುಟಗಳಲ್ಲಿ ಬಲ್ಲವರು ಆ ಕಾರ್ಯವನ್ನು ಮಾಡಿದ್ದಾರೆ. ನಾನು ಆರಿಸಿಕೊಂಡ ವಿಷಯ ಇವೆಲ್ಲಕ್ಕಿಂತ ಚಿಕ್ಕದು. ಹಬ್ಬದ ಮೆರವಣಿಗೆಯಲ್ಲಿ ಬ್ಯಾಂಡಿನ ಕಡೆಯ ಸಾಲಿನಲ್ಲಿ ನಡೆಯುವ, ಮಕ್ಕಳು ಬೆರಗಿನಿಂದ ಬಾಯಿ ತೆರೆದು ನೋಡುವ, ಆದರೆ ಯಾರೂ ಹೆಸರು ಕೇಳದ ಒಂದು ಹಿತ್ತಾಳೆಯ ವಾದ್ಯವುಂಟು. ನಮ್ಮ ಹುಡುಗರು ಅದನ್ನು 'ಬಾಸ್' ಎನ್ನುತ್ತಾರೆ. ಅದರ ಶಾಸ್ತ್ರೀಯ ನಾಮ ಟ್ಯೂಬಾ.

ಈ ಲೇಖನಕ್ಕೆ ಒಂದು ಕಾರಣವಿದೆ. ಶತಮಾನೋತ್ಸವದ ನೆನಪಿಗೆ ಭಕ್ತರಿಂದ ಕೂಡಿಬಂದ ಕಾಣಿಕೆಯಲ್ಲಿ ಬ್ಯಾಂಡಿಗೆ ಒಂದು ಹೊಸ ಬಾಸ್ ಕೊಳ್ಳಬೇಕೆಂದು ಯುವಜನ ಸಂಘದವರು ತೀರ್ಮಾನಿಸಿ ನನ್ನ ಬಳಿಗೆ ಬಂದರು. "ಫಾದರ್, ನೂರು ವರ್ಷದ ಹಬ್ಬ ಅಂದಮ್ಯಾಲ ಎಲ್ಲಾಕ್ಕಿಂತ ದೊಡ್ಡದ ತರೋಣರಿ" ಎಂಬುದು ಅವರಲ್ಲಿ ಹಲವರ ಮಾತು. ನಾನು ಒಂದು ವಾರದ ಕಾಲಾವಕಾಶ ಕೇಳಿದೆ. ಅವರಿಗೆ ಆಶ್ಚರ್ಯವಾಯಿತು. ಒಂದು ಕಾಲದಲ್ಲಿ ಇದೇ ವಿಷಯದಲ್ಲಿ ನಾನು ಎಸಗಿದ ತಪ್ಪನ್ನು ಅವರು ಅರಿಯರು. ಅದನ್ನು ಮುಂದೆ ನಿವೇದಿಸುತ್ತೇನೆ. ಒಂದೇ ವಾದ್ಯವು ಮೆರವಣಿಗೆ, ಕೀರ್ತನೆ, ಮದುವೆ, ಶವಸಂಸ್ಕಾರ, ಧ್ವಜವಂದನೆ ಈ ಎಲ್ಲ ಸಂದರ್ಭಗಳಿಗೂ ಒದಗಬೇಕಾದರೆ ಅದರ ಗಾತ್ರ ಎಷ್ಟಿರಬೇಕು? ಈ ಪ್ರಶ್ನೆಗೆ ಉತ್ತರವು ಅಂಗಡಿಯಲ್ಲಿ ದೊರೆಯುವುದಿಲ್ಲ. ಆ ವಾದ್ಯದ ಚರಿತ್ರೆಯಲ್ಲಿ ದೊರೆಯುತ್ತದೆ ಎಂಬುದು ನನ್ನ ನಂಬಿಕೆ.

ಗಾಯನಕ್ಕಾಗಿ ಹುಟ್ಟಿದ ಸರ್ಪ

'ಟ್ಯೂಬಾ' ಎಂಬುದು ಲ್ಯಾಟಿನ್ ಶಬ್ದ. ಪ್ರಾಚೀನ ರೋಮಿನ ಸೈನ್ಯದಲ್ಲಿ ಅದು ನೇರವಾದ ಉದ್ದನೆಯ ಕಹಳೆ. ಸಂತ ಜೆರೋಮರ ಲ್ಯಾಟಿನ್ ಬೈಬಲಿನಲ್ಲಿ ತುತೂರಿ ಎಂಬ ಅರ್ಥದಲ್ಲಿ ಬರುವ ಶಬ್ದವೂ ಇದೇ. ಗುರುಮಠದಲ್ಲಿ ನಾವು ಕೀರ್ತನೆಗಳನ್ನು ಗ್ರೆಗೋರಿಯನ್ ಧಾಟಿಯಲ್ಲಿ ಹಾಡಲು ಕಲಿಯುವಾಗ, ಸಾಲಿನ ಬಹುಭಾಗ ನಿಂತು ನಡೆಯುವ ಒಂದೇ ಸ್ವರಕ್ಕೂ 'ಟ್ಯೂಬಾ' ಎಂಬ ಹೆಸರಿತ್ತು. ಇಂದಿನ ವಾದ್ಯಕ್ಕೆ ಈ ಹಳೆಯ ಕಹಳೆಯಿಂದ ಬಂದದ್ದು ಹೆಸರು ಮಾತ್ರ. ಅದರ ವಂಶಾವಳಿ ಬೇರೆ. ಅದು ರಣರಂಗದಲ್ಲಿ ಅಲ್ಲ, ದೇವಾಲಯದಲ್ಲಿ ಆರಂಭವಾಗುತ್ತದೆ.

ಫ್ರಾನ್ಸ್ ದೇಶದ ಓಸೇರ್ ಎಂಬ ಪಟ್ಟಣದಲ್ಲಿ, ಸುಮಾರು 1590ರಲ್ಲಿ, ಅಲ್ಲಿಯ ಪ್ರಧಾನಾಲಯಕ್ಕೆ ಸೇರಿದ ಎಡ್ಮೆ ಗಿಯೋಮ್ ಎಂಬ ಗುರುಗಳು 'ಸರ್ಪೆಂಟ್' ಎಂಬ ವಾದ್ಯವನ್ನು ನಿರ್ಮಿಸಿದರೆಂದು ಪರಂಪರೆ ಹೇಳುತ್ತದೆ. ಸರ್ಪೆಂಟ್ ಎಂದರೆ ಸರ್ಪ. ಸುಮಾರು 8 ಅಡಿ ಉದ್ದದ ಮರದ ಕೊಳವೆಯನ್ನು ಹಾವಿನಂತೆ ಬಳಸಿ, ಮೇಲೆ ಚರ್ಮವನ್ನು ಹೊದಿಸಿ, ಬೆರಳಿಗೆ ಆರು ರಂಧ್ರಗಳನ್ನಿಟ್ಟ ವಾದ್ಯವದು. ಅದರ ಉದ್ದೇಶವೇನು? ಗಾನವೃಂದದ ಗಂಡಸರ ಮಂದ್ರಧ್ವನಿಗೆ ಆಸರೆಯಾಗುವುದು. ಎರಡು ಶತಮಾನಗಳಿಗೂ ಮಿಕ್ಕಿ ಫ್ರಾನ್ಸಿನ ದೇವಾಲಯಗಳಲ್ಲಿ ಅದು ಹಾಡುವವರ ಪಕ್ಕದಲ್ಲಿ ನಿಂತು ಈ ಸೇವೆಯನ್ನು ಸಲ್ಲಿಸಿತು. ಟ್ಯೂಬಾದ ಪೂರ್ವಜವು ಮೆರೆಯಲು ಹುಟ್ಟಿದ್ದಲ್ಲ, ಹಾಡುವವರನ್ನು ಹೊರಲು ಹುಟ್ಟಿದ್ದು ಎಂಬ ಈ ಸಂಗತಿಯನ್ನು ವಾಚಕರು ಗಮನದಲ್ಲಿಡಬೇಕೆಂದು ಕೋರುತ್ತೇನೆ.

ಸರ್ಪೆಂಟಿನ ಸ್ವರಗಳು ಸುಲಭವಾಗಿ ಶ್ರುತಿ ತಪ್ಪುತ್ತಿದ್ದವು. ಆದುದರಿಂದ 1817ರಲ್ಲಿ ಪ್ಯಾರಿಸಿನ ಅಲಾರಿ ಎಂಬ ವಾದ್ಯನಿರ್ಮಾಪಕರು ಹಿತ್ತಾಳೆಯ ಕೊಳವೆಗೆ ಕೀಲಿಗಳನ್ನು ಜೋಡಿಸಿ 'ಓಫಿಕ್ಲೈಡ್' ಎಂಬ ವಾದ್ಯವನ್ನು ರಚಿಸಿದರು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ಕೀಲಿಯುಳ್ಳ ಸರ್ಪವೆಂದೇ ಅರ್ಥ. ಫ್ರೆಂಚ್ ಸಂಗೀತಕಾರ ಬೆರ್ಲಿಯೋಜ್ 1830ರಲ್ಲಿ ರಚಿಸಿದ ತಮ್ಮ ಪ್ರಸಿದ್ಧ ಸಿಂಫನಿಯ ಕಡೆಯ ಭಾಗದಲ್ಲಿ, ಮೃತರ ಪೂಜೆಯ ಹಳೆಯ ಲ್ಯಾಟಿನ್ ಗೀತೆಯ ರಾಗವನ್ನು ಇಂತಹ ಮಂದ್ರವಾದ್ಯಗಳಿಗೇ ವಹಿಸಿದರು. ಇಂದಿನ ವಾದ್ಯವೃಂದಗಳಲ್ಲಿ ಆ ಭಾಗವನ್ನು ಸಾಮಾನ್ಯವಾಗಿ ಟ್ಯೂಬಾ ನುಡಿಸುತ್ತದೆ.

1835ರ ಬರ್ಲಿನ್

ಹತ್ತೊಂಬತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಜರ್ಮನಿಯ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ವಾಲ್ವನ್ನು ಕಂಡುಹಿಡಿದರು. ವಾಲ್ವನ್ನು ಒತ್ತಿದಾಗ ಉಸಿರಿನ ಹಾದಿಗೆ ಇನ್ನಷ್ಟು ಕೊಳವೆ ಸೇರಿ ಸ್ವರವು ಕೆಳಗಿಳಿಯುತ್ತದೆ. ಇದರಿಂದ ರಂಧ್ರಗಳೂ ಕೀಲಿಗಳೂ ಅನವಶ್ಯಕವಾದವು. ಪ್ರಷ್ಯದ ಸೈನ್ಯದ ಬ್ಯಾಂಡುಗಳ ಮುಖ್ಯಸ್ಥರಾದ ವಿಲ್ಹೆಲ್ಮ್ ವೀಪ್ರೆಕ್ಟ್ ಮತ್ತು ವಾದ್ಯನಿರ್ಮಾಪಕ ಯೋಹಾನ್ ಗಾಟ್‌ಫ್ರೀಡ್ ಮೊರಿಟ್ಸ್ ಕೂಡಿ 1835ರ ಸೆಪ್ಟೆಂಬರ್ 12ರಂದು 'ಬಾಸ್ ಟ್ಯೂಬಾ'ಕ್ಕೆ ಪೇಟೆಂಟ್ ಪಡೆದರು. ಬಯಲಿನಲ್ಲಿ ನಡೆಯುತ್ತ ನುಡಿಸುವ ಬ್ಯಾಂಡಿಗೆ ಗಟ್ಟಿಯಾದ ತಳಹದಿ ಬೇಕೆಂಬುದು ವೀಪ್ರೆಕ್ಟರ ಅಪೇಕ್ಷೆಯಾಗಿತ್ತು. ಆ ಮೊದಲ ಟ್ಯೂಬಾ ಎಫ್ ಶ್ರುತಿಯದು. ಅಂದರೆ ಇಂದಿನ ಟ್ಯೂಬಾಗಳ ಕುಟುಂಬದಲ್ಲಿ ಚಿಕ್ಕ ಅಳತೆಗೆ ಸೇರುವಂಥದು.

ದೊಡ್ಡ ಅಳತೆಗಳು ಅನಂತರ ಬಂದವು. ಬೊಹೆಮಿಯದ ಚೆರ್ವೆನಿ ಎಂಬುವರು 1845ರ ಸುಮಾರಿಗೆ ಇನ್ನೂ ಕೆಳಗಿನ ಶ್ರುತಿಯ ಟ್ಯೂಬಾಗಳನ್ನು ತಯಾರಿಸಿದರು. ಅದೇ ದಶಕದಲ್ಲಿ ಪ್ಯಾರಿಸಿನಲ್ಲಿ ಅಡಾಲ್ಫ್ ಸ್ಯಾಕ್ಸ್ ಚಿಕ್ಕದರಿಂದ ದೊಡ್ಡದರವರೆಗೆ ಒಂದೇ ಆಕಾರದ ವಾದ್ಯಕುಟುಂಬವನ್ನು ರೂಪಿಸಿದರು. ಇಂಗ್ಲೆಂಡಿನ ಬ್ಯಾಂಡುಗಳು ಅದನ್ನು ಆದರದಿಂದ ಸ್ವೀಕರಿಸಿದವು. ಅಮೆರಿಕೆಯ ಬ್ಯಾಂಡ್ ನಾಯಕ ಸೂಸಾ ಅವರ ಅಪೇಕ್ಷೆಯಂತೆ 1890ರ ದಶಕದಲ್ಲಿ ಹೆಗಲ ಮೇಲೆ ಸುತ್ತಿಕೊಂಡು ನಡೆಯುವ 'ಸೂಸಾಫೋನ್' ಹುಟ್ಟಿತು. ಆರಂಭದಲ್ಲಿ ಅದರ ಬಾಯಿ ಆಕಾಶದ ಕಡೆಗಿದ್ದುದರಿಂದ, ಮಳೆನೀರು ಹಿಡಿಯುವ ಪಾತ್ರೆಯೆಂದು ಜನ ಹಾಸ್ಯ ಮಾಡುತ್ತಿದ್ದರಂತೆ.

ನಮ್ಮ ನಾಡಿಗೆ ಬಂದ ಬಗೆ

ಊದುವ ವಾದ್ಯದ ಮಹಿಮೆಯನ್ನು ವಿಜಯಪುರಕ್ಕೆ ಹೊರಗಿನವರು ಬಂದು ಕಲಿಸಬೇಕಾದ ಪ್ರಮೇಯವಿರಲಿಲ್ಲ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಹನು ಸಂಗೀತಕ್ಕಾಗಿ 'ಕಿತಾಬ್-ಎ-ನವರಸ್' ಎಂಬ ಗ್ರಂಥವನ್ನೇ ರಚಿಸಿದನು. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಮುದ್ದಿಸಿದನು. ಗೋಲಗುಮ್ಮಟದ ಎದುರಿಗಿರುವ, ಈಗ ವಸ್ತುಸಂಗ್ರಹಾಲಯವಾಗಿರುವ ಕಟ್ಟಡವು ನಗಾರಿ ಕಹಳೆಗಳ ನಗಾರಖಾನೆಯೆಂಬುದನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಹಳ್ಳಿಗಳ ಜಾತ್ರೆಯಲ್ಲಿ ಶಹನಾಯಿ, ಸಂಬಾಳ, ಕರಡಿ ಮಜಲು, ಹಲಗೆಗಳ ನಾದ ಇಂದಿಗೂ ನಿಂತಿಲ್ಲ.

ಹಿತ್ತಾಳೆಯ ಬ್ಯಾಂಡು ಬಂದದ್ದು ಬ್ರಿಟಿಷ್ ಸೈನ್ಯದೊಡನೆ. ಸೈನ್ಯದಿಂದ ಅದು ಸಂಸ್ಥಾನಿಕರ ಅರಮನೆಗಳಿಗೆ ಹಬ್ಬಿತು. ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎಂಬ ಎರಡು ತಂಡಗಳಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆಟೋ ಶ್ಮಿಟ್ ಎಂಬ ಜರ್ಮನ್ ಸಂಗೀತಗಾರರು ಅಲ್ಲಿ ಪಾಶ್ಚಾತ್ಯ ವಾದ್ಯಗಳನ್ನು ನಡೆಸಿದರು. ಆ ಪರಂಪರೆಯ ಮುಂದುವರಿಕೆಯಾದ ಪೊಲೀಸ್ ಬ್ಯಾಂಡನ್ನು ದಸರೆಯಲ್ಲಿ ಇಂದಿಗೂ ಕೇಳಬಹುದು. ಗೋವೆಯಲ್ಲಿಯಾದರೋ ಪೋರ್ಚುಗೀಸರ ಕಾಲದ ಧರ್ಮಕೇಂದ್ರಗಳ ಶಾಲೆಗಳು ಬಡ ಮಕ್ಕಳಿಗೂ ಸ್ವರಲಿಪಿಯನ್ನು ಓದಲು ಕಲಿಸಿದವು. ಆ ಮಕ್ಕಳೇ ಮುಂದೆ ಬೊಂಬಾಯಿಯಿಂದ ಹಿಡಿದು ಅನೇಕ ಸಂಸ್ಥಾನಗಳವರೆಗೆ ಬ್ಯಾಂಡ್ ಮಾಸ್ತರರಾದರು. ಮಂಗಳೂರು ಕಡೆಯ ನಮ್ಮ ಬಾಂಧವರ ಹಬ್ಬ, ಮದುವೆ, ಶವಯಾತ್ರೆಗಳಲ್ಲಿ ಬ್ಯಾಂಡು ನೆಲೆನಿಂತದ್ದನ್ನು ಎಲ್ಲರೂ ಬಲ್ಲರು.

ವಾದ್ಯಗಳನ್ನು ವಿಲಾಯತಿಯಿಂದ ತರಿಸುವ ಕಾಲವೂ ಕಳೆಯಿತು. 1885ರಲ್ಲಿ ಮೀರತ್ ನಗರದಲ್ಲಿ ಆರಂಭವಾದ ನಾದಿರ್ ಅಲಿ ಕಂಪನಿ ಮತ್ತು ಅದರ ಹಿಂದೆ ಜಾಲಿಕೋಠಿ ಬೀದಿಯಲ್ಲಿ ತಲೆಯೆತ್ತಿದ ಕಾರ್ಖಾನೆಗಳು ಭಾರತದ ಮದುವೆಯ ಬ್ಯಾಂಡುಗಳಿಗೆ ಹಿತ್ತಾಳೆಯನ್ನು ಒದಗಿಸಿದವು. ಸ್ವಾತಂತ್ರ್ಯಾನಂತರ, 1950ರಲ್ಲಿ, ನಮ್ಮ ಕೊಡಗಿನ ಜನರಲ್ ಕಾರಿಯಪ್ಪನವರ ಆಸಕ್ತಿಯಿಂದ ಮಧ್ಯಪ್ರದೇಶದ ಪಚಮಢಿಯಲ್ಲಿ ಸೈನ್ಯದ ಸಂಗೀತ ಶಾಲೆ ಸ್ಥಾಪಿತವಾಯಿತು. ಸೈನ್ಯದ ಬ್ಯಾಂಡಿನಿಂದ ನಿವೃತ್ತರಾಗಿ ಊರಿಗೆ ಮರಳಿದವರೇ ಎಷ್ಟೋ ಕಡೆಗಳಲ್ಲಿ ಹುಡುಗರಿಗೆ ಗುರುಗಳಾದರು. ಅಂತಹ ಒಬ್ಬರ ಮಾತು ಈ ಲೇಖನದಲ್ಲಿ ಮುಂದೆ ಬರಲಿದೆ.

ಎರಡು ತೋಪುಗಳ ಪಾಠ

ಈಗ ಅಳತೆಯ ವಿಚಾರಕ್ಕೆ ಬರೋಣ. 'ದೊಡ್ಡ ಟ್ಯೂಬಾ' ಎನ್ನುವಾಗ ಜನ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದಾಗಿ ಬೆರೆಸುತ್ತಾರೆ. ಒಂದು ಕೊಳವೆಯ ಉದ್ದ. ಇನ್ನೊಂದು ಅದರ ಅಗಲ. ಇವುಗಳ ಭೇದವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಷೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು ಸುಮಾರು 14 ಅಡಿ ಉದ್ದವಿದ್ದು ಅದರ ಒಳಬಾಯಿ ಎರಡಡಿಗೂ ಮಿಗಿಲಾಗಿದೆ. ಸಮೀಪದ ಉಪಲಿ ಬುರುಜಿನ ಮೇಲಿರುವ ನೀಳವಾದ ತೋಪು 30 ಅಡಿ ಉದ್ದವಿದ್ದರೂ ಅದರ ಒಳಬಾಯಿ ಸುಮಾರು ಒಂದಡಿ ಮಾತ್ರ. ಎರಡರಲ್ಲಿ ಯಾವುದು ದೊಡ್ಡದು? ಯಾವ ಅಳತೆಯಿಂದ ಎಂದು ಮರುಪ್ರಶ್ನೆ ಹಾಕದೆ ಉತ್ತರ ಹೇಳಲಾಗದು.

ಟ್ಯೂಬಾದಲ್ಲಿ ಉದ್ದವು ಶ್ರುತಿಯನ್ನು ನಿರ್ಣಯಿಸುತ್ತದೆ. ಸುರುಳಿಯನ್ನು ಬಿಚ್ಚಿ ನೇರಗೊಳಿಸಿದರೆ ಎಫ್ ಟ್ಯೂಬಾ ಸುಮಾರು 12 ಅಡಿ, ಇ-ಫ್ಲ್ಯಾಟ್ 13 ಅಡಿ, ಸಿ 16 ಅಡಿ, ಬಿ-ಫ್ಲ್ಯಾಟ್ 18 ಅಡಿ ಉದ್ದವಾಗುತ್ತದೆ. ಚಿಕ್ಕ ತಮ್ಮನಂತಿರುವ ಯುಫೋನಿಯಂ 9 ಅಡಿ. ನಮ್ಮ ಭಜನೆಯ ಹಾರ್ಮೋನಿಯಂ ಭಾಷೆಯಲ್ಲಿ ಹೇಳುವುದಾದರೆ ಎಫ್ ಎಂದರೆ ಬಿಳಿ ನಾಲ್ಕು, ಇ-ಫ್ಲ್ಯಾಟ್ ಎಂದರೆ ಕರಿ ಎರಡು, ಸಿ ಎಂದರೆ ಬಿಳಿ ಒಂದು, ಬಿ-ಫ್ಲ್ಯಾಟ್ ಎಂದರೆ ಕರಿ ಐದು.

ಅಗಲವು ನಾದದ ಸ್ವಭಾವವನ್ನು ನಿರ್ಣಯಿಸುತ್ತದೆ. ಒಂದೇ ಉದ್ದದ ಕೊಳವೆಯನ್ನು ಸಣ್ಣಗೆ ಮಾಡಿದರೆ ನಾದ ಖಚಿತವಾಗಿರುತ್ತದೆ, ಬೇಗ ಹೊರಡುತ್ತದೆ. ಅಗಲವಾಗಿ ಮಾಡಿದರೆ ನಾದ ತುಂಬಿಕೊಳ್ಳುತ್ತದೆ, ಆದರೆ ಉಸಿರು ಬಹಳ ಬೇಕು, ಸ್ವರ ಹೊರಡಲು ತುಸು ತಡವಾಗುತ್ತದೆ. ಮಾರುವವರು ಈ ಅಗಲವನ್ನು ಮುಕ್ಕಾಲು, ನಾಲ್ಕರಲ್ಲಿ ನಾಲ್ಕು, ಐದು, ಆರು ಎಂದು ಹೇಳುವುದುಂಟು. ಆದರೆ ಈ ಲೆಕ್ಕಕ್ಕೆ ಎಲ್ಲರೂ ಒಪ್ಪಿದ ಮಾನದಂಡವಿಲ್ಲ. ಒಬ್ಬ ನಿರ್ಮಾಪಕನ ಮುಕ್ಕಾಲು ಇನ್ನೊಬ್ಬನ ಪೂರ್ಣವಾಗಿರಬಹುದು. ಆದುದರಿಂದ ಅಂಕಿಯನ್ನು ನಂಬದೆ ವಾದ್ಯವನ್ನು ಕೈಗೆತ್ತಿಕೊಂಡು ನೋಡುವುದೇ ಲೇಸು. ಮಿರಜಿನ ತಂಬೂರಿ ಮಾಡುವವರನ್ನು ಕೇಳಿರಿ: ಗಂಡಸಿನ ಕಂಠಕ್ಕೆ ದೊಡ್ಡ ಬುರುಡೆಯ ತಂಬೂರಿ, ಹೆಂಗಸಿನ ಕಂಠಕ್ಕೆ ಚಿಕ್ಕದು. ಬುರುಡೆಯ ಅಂದವನ್ನು ನೋಡಿ ಕಂಠವನ್ನು ಹುಡುಕುವವರಿಲ್ಲ.

ಚಿಕ್ಕದು ಎಂದರೆ ಕೀಳಲ್ಲ ಎಂಬುದಕ್ಕೆ ಪಾಶ್ಚಾತ್ಯ ಸಂಗೀತವೇ ಸಾಕ್ಷಿ. ರಷ್ಯದ ಮುಸೋರ್ಗ್ಸ್ಕಿ 1874ರಲ್ಲಿ ಪಿಯಾನೋಕ್ಕಾಗಿ ರಚಿಸಿದ ಚಿತ್ರಮಾಲಿಕೆಯಲ್ಲಿ ಪೋಲೆಂಡಿನ ಒಂದು ಭಾರವಾದ ಎತ್ತಿನ ಗಾಡಿಯ ವರ್ಣನೆಯಿದೆ. 1922ರಲ್ಲಿ ರಾವೆಲ್ ಅದನ್ನು ವಾದ್ಯವೃಂದಕ್ಕೆ ಅಳವಡಿಸಿದಾಗ ಗಾಡಿಯ ರಾಗವನ್ನು ಟ್ಯೂಬಾಕ್ಕೆ ಕೊಟ್ಟರು. ಆದರೆ ಅದು ಅಂದಿನ ಫ್ರೆಂಚರ ಪುಟ್ಟ ಟ್ಯೂಬಾ. ರಾಗ ಎಷ್ಟು ಮೇಲೇರುತ್ತದೆಂದರೆ ಇಂದು ಹಲವರು ಅದನ್ನು ಯುಫೋನಿಯಂನಲ್ಲಿ ನುಡಿಸುತ್ತಾರೆ. ಅತ್ಯಂತ ಭಾರವಾದ ಗಾಡಿಯನ್ನು ಎಳೆದದ್ದು ಅತ್ಯಂತ ಚಿಕ್ಕ ಟ್ಯೂಬಾ! 1904ರಲ್ಲಿ ಸ್ಥಾಪಿತವಾದ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಸ್ವರ್ಣ ಮಹೋತ್ಸವಕ್ಕೆ ವಾನ್ ವಿಲಿಯಮ್ಸ್ ಅವರು ಟ್ಯೂಬಾ ಕನ್ಸರ್ಟೋ ಬರೆದರು. 1954ರ ಜೂನ್ 13ರಂದು ಅದನ್ನು ಮೊದಲು ನುಡಿಸಿದವರು ಫಿಲಿಪ್ ಕ್ಯಾಟೆಲಿನೆ. ಅದೂ ಚಿಕ್ಕ ಎಫ್ ಟ್ಯೂಬಾದ ಸಂಪ್ರದಾಯಕ್ಕೆ ಸೇರಿದ ಕೃತಿ. ಅನಂತರ ಅದೇ ಆರ್ಕೆಸ್ಟ್ರಾದಲ್ಲಿ ಜಾನ್ ಫ್ಲೆಚರ್ (1941–1987) ಎಂಬ ಮಹಾವಾದಕರು ಇ-ಫ್ಲ್ಯಾಟ್ ಟ್ಯೂಬಾ ಒಂದರಿಂದಲೇ ಸಿಂಫನಿಯ ಗಾಂಭೀರ್ಯವನ್ನೂ ಚಿಕ್ಕ ಮೇಳದ ಲಾಲಿತ್ಯವನ್ನೂ ಸಾಧಿಸಿ ತೋರಿಸಿದರು.

ಶ್ರೀಸಭೆಯ ಮಾರ್ಗದರ್ಶನ

ಬ್ಯಾಂಡಿನ ವಿಷಯದಲ್ಲಿ ಶ್ರೀಸಭೆಯು ಮೌನವಾಗಿಲ್ಲ. 1903ರ ನವೆಂಬರ್ 22ರಂದು, ಸಂಗೀತದ ಪಾಲಕಿಯಾದ ಸಂತ ಸಿಸಿಲಿಯಳ ಹಬ್ಬದ ದಿನ, ಹತ್ತನೆಯ ಭಕ್ತಿನಾಥ ಜಗದ್ಗುರುಗಳು ದೇವಾಲಯ ಸಂಗೀತದ ಬಗೆಗೆ ಒಂದು ಆಜ್ಞಾಪತ್ರವನ್ನು ಹೊರಡಿಸಿದರು. ದೇವಾಲಯದೊಳಗೆ ಬ್ಯಾಂಡು ನುಡಿಸುವುದನ್ನು ಅದು ನಿಷೇಧಿಸಿತು. ಹೊರಗಿನ ಮೆರವಣಿಗೆಗೆ ಧರ್ಮಾಧ್ಯಕ್ಷರು ಅನುಮತಿ ನೀಡಬಹುದು, ಆದರೆ ಲೌಕಿಕ ಗೀತೆಗಳನ್ನು ನುಡಿಸಕೂಡದು. ಜನರು ಲ್ಯಾಟಿನಿನಲ್ಲಾಗಲಿ ತಮ್ಮ ಭಾಷೆಯಲ್ಲಾಗಲಿ ಹಾಡುವ ಭಕ್ತಿಗೀತೆಗೆ ಬ್ಯಾಂಡು ಜೊತೆಗೂಡುವುದು ಅಪೇಕ್ಷಣೀಯ ಎಂಬುದು ಅದರ ತಾತ್ಪರ್ಯ. ಅರವತ್ತು ವರ್ಷಗಳ ತರುವಾಯ, 1963ರ ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯ ಆರಾಧನಾ ಶಾಸನವು ಪೈಪ್ ಆರ್ಗನ್ನಿಗೆ ಗೌರವದ ಸ್ಥಾನವನ್ನು ಉಳಿಸಿ, ಪವಿತ್ರ ಕಾರ್ಯಕ್ಕೆ ಹೊಂದುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. 1967ರ ಮಾರ್ಚ್ 5ರ ಸೂಚನೆಯು ಇದನ್ನು ವಿವರಿಸಿತು.

ಈ ಆದೇಶಗಳು ಬೇರೆ ಬೇರೆ ಕಾಲದವಾದರೂ ಒಂದು ವಿಚಾರದಲ್ಲಿ ಏಕಮತವಾಗಿವೆ: ಜನರ ಗಾಯನ ಮುಖ್ಯ, ವಾದ್ಯ ಅದರ ಸೇವಕ. ಓಸೇರಿನ ಸರ್ಪವು ಹೇಳಿದ ಮಾತೂ ಇದೇ ಅಲ್ಲವೇ?

ಒಂದು ತಪ್ಪಿನ ನಿವೇದನೆ

ಈಗ ನನ್ನ ಸ್ವಂತ ಕಥೆ. ಮೂವತ್ತೈದು ವರ್ಷಗಳ ಹಿಂದಿನ ಮಾತು. ಹೊಸದಾಗಿ ಗುರುಪಟ್ಟ ಪಡೆದು ಈ ಭಾಗದಲ್ಲಿ ಸಹಾಯಕ ಗುರುವಾಗಿದ್ದೆ. ಹುಡುಗರ ಒಂದು ಚಿಕ್ಕ ಬ್ಯಾಂಡು ಕಟ್ಟಿದ್ದೆವು. ಒಬ್ಬ ದಾನಿಯ ಹಣ ಬಂದಿತು. ದೂರದ ನಗರವೊಂದರ ಅಂಗಡಿಗೆ ನಾನೇ ಹೋದೆ. ಅಲ್ಲಿದ್ದ ಟ್ಯೂಬಾಗಳಲ್ಲಿ ಅತಿ ದೊಡ್ಡದನ್ನು, ಬಿ-ಫ್ಲ್ಯಾಟ್ ಶ್ರುತಿಯ ಅಗಲ ಬಾಯಿಯದನ್ನು ಆರಿಸಿದೆ. 12 ಕಿಲೋಗೂ ಮಿಕ್ಕಿದ ಭಾರ. ಯಾರು ನುಡಿಸುವರೆಂದು ಯೋಚಿಸಲಿಲ್ಲ. ಹಬ್ಬದ ಛಾಯಾಚಿತ್ರದಲ್ಲಿ ಅದು ಹೇಗೆ ಕಂಡೀತೆಂದು ಯೋಚಿಸಿದೆ.

ಅದನ್ನು ಟಿಕೋಟಾದ ಕಡೆಯ ಹದಿನಾಲ್ಕರ ಹುಡುಗನೊಬ್ಬನಿಗೆ ಕೊಟ್ಟೆ. ಅವನ ತಂದೆ ಬೇರೆಯವರ ದ್ರಾಕ್ಷಿ ತೋಟದಲ್ಲಿ ಕೂಲಿ. ಹುಡುಗನಿಗೆ ಕಿವಿ ಚೆನ್ನಾಗಿತ್ತು. ಒಮ್ಮೆ ಕೇಳಿದ ಸ್ವರ ತಪ್ಪುತ್ತಿರಲಿಲ್ಲ. ಮೇ ತಿಂಗಳ ಕೊನೆಯಲ್ಲಿ ಬಬಲೇಶ್ವರದ ಕಡೆಯ ಒಂದು ಹಳ್ಳಿಯಲ್ಲಿ ಮಾತೆಯ ಮೆರವಣಿಗೆ. ಸಂಜೆ ನಾಲ್ಕರ ಬಿಸಿಲು. ಅಂತಹ ಬಿಸಿಲಿನಲ್ಲಿ ಹಿತ್ತಾಳೆಯ ವಾದ್ಯದ ಶ್ರುತಿ ಏರುತ್ತದೆಂಬುದನ್ನು ನಾನು ಆಗ ತಿಳಿದಿರಲಿಲ್ಲ. ಬೃಹತ್ ಕೊಳವೆಯ ಸ್ವರ ತಡವಾಗಿ ಹೊರಡುತ್ತಿತ್ತು. ಹುಡುಗ ಅರ್ಧ ತಾಳ ಹಿಂದುಳಿದ. ಎರಡು ಚರಣ ಮುಗಿಯುವಷ್ಟರಲ್ಲಿ ಹಾಡುವವರು ಒಂದು ಶ್ರುತಿಯಲ್ಲಿ, ಬ್ಯಾಂಡು ಇನ್ನೊಂದರಲ್ಲಿ. ಹೆಂಗಸರು ಹಾಡುವುದನ್ನೇ ನಿಲ್ಲಿಸಿದರು. ದಾರಿಯ ಮಧ್ಯದಲ್ಲಿ ಹುಡುಗ ವಾದ್ಯವನ್ನು ಇಳಿಸಿ ಬೇವಿನ ಮರದ ಕೆಳಗೆ ಕುಳಿತುಬಿಟ್ಟ. ಅವನ ತುಟಿ ಬಿಳಿಚಿಕೊಂಡಿತ್ತು, ಹೆಗಲ ಮೇಲೆ ಪಟ್ಟಿಯ ಕೆಂಪು ಗೆರೆ ಮೂಡಿತ್ತು. ನಾನು ಎಲ್ಲರ ಮುಂದೆ ಅವನನ್ನು ಗದರಿದೆ. ಮರುವಾರದಿಂದ ಅವನು ಅಭ್ಯಾಸಕ್ಕೆ ಬರಲಿಲ್ಲ. ವಾದ್ಯವು ಉಗ್ರಾಣದ ಮೂಲೆ ಸೇರಿತು.

ಸೈನ್ಯದ ಬ್ಯಾಂಡಿನಿಂದ ನಿವೃತ್ತರಾಗಿದ್ದ ಹಿರಿಯರೊಬ್ಬರು ಕೆಲವು ದಿನಗಳ ಮೇಲೆ ಅದನ್ನು ನೋಡಿ, ಸುತ್ತ ಒಂದು ಬಾರಿ ನಡೆದು, ಹೀಗೆಂದರು: "ಫಾದರ್, ಎತ್ತು ನೋಡಿ ನೊಗಾ ಮಾಡಿಸ್ತಾರ್ರೀ. ನೊಗಾ ನೋಡಿ ಎತ್ತು ತರಾಂಗಿಲ್ಲ." ಗುರುಮಠದಲ್ಲಿ ಎಷ್ಟೋ ವರ್ಷ ಓದಿದ ನನಗೆ ಆ ಒಂದು ಮಾತು ದೊರೆತಿರಲಿಲ್ಲ.

ಎಲ್ಲ ಕಾರ್ಯಕ್ಕೂ ಒದಗುವ ಅಳತೆ

ಹಾಗಾದರೆ ನಮಗೆ ಯಾವ ನೊಗ? ಆ ಹಿರಿಯರಿಂದ ಕಲಿತದ್ದನ್ನೂ ಅನುಭವದಿಂದ ತಿಳಿದದ್ದನ್ನೂ ಯುವಜನರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಶ್ರುತಿ. ಇಂಗ್ಲೆಂಡಿನ ಪದ್ಧತಿಯ ಪೂರ್ಣ ಹಿತ್ತಾಳೆ ಬ್ಯಾಂಡಿನಲ್ಲಿ ಎರಡು ಇ-ಫ್ಲ್ಯಾಟ್, ಎರಡು ಬಿ-ಫ್ಲ್ಯಾಟ್, ಹೀಗೆ ನಾಲ್ಕು ಬಾಸ್‌ಗಳಿರುತ್ತವೆ. ಇಪ್ಪತ್ತೈದು ಜನರ ಮೇಳಕ್ಕೆ ಅದು ಸರಿ. ಎಂಟು ಹತ್ತು ಜನರ ನಮ್ಮ ಮೇಳಕ್ಕೆ ಒಂದೇ ಬಾಸ್. ಆ ಒಂದು ಇ-ಫ್ಲ್ಯಾಟ್ ಆಗಿರಲಿ. ಇದಕ್ಕೆ ಕಾರಣವುಂಟು. ನಮ್ಮ ಕಡೆ ಗಂಡಸರು ಸಾಮಾನ್ಯವಾಗಿ ಕರಿ ಒಂದು, ಕರಿ ಎರಡರಲ್ಲಿಯೂ ಹೆಂಗಸರು ಕರಿ ನಾಲ್ಕು, ಕರಿ ಐದರಲ್ಲಿಯೂ ಷಡ್ಜವನ್ನಿಟ್ಟು ಹಾಡುತ್ತಾರೆ. ಇ-ಫ್ಲ್ಯಾಟ್ ಟ್ಯೂಬಾದಲ್ಲಿ ಯಾವ ವಾಲ್ವನ್ನೂ ಒತ್ತದೆ ದೊರೆಯುವ ಸ್ವರಗಳಲ್ಲಿ ಮುಖ್ಯವಾದವು ಕರಿ ಎರಡು ಮತ್ತು ಅದರ ಪಂಚಮವಾದ ಕರಿ ಐದು. ಗಂಡಸರ ಷಡ್ಜವೂ ಹೆಂಗಸರ ಷಡ್ಜವೂ ಹುಡುಗನ ತುಟಿಗೆ ತಾವಾಗಿ ಬಂದು ನಿಲ್ಲುತ್ತವೆ. ಕಾರ್ನೆಟ್ ಮತ್ತು ಕ್ಲಾರಿನೆಟ್‌ಗಳು ಬಿ-ಫ್ಲ್ಯಾಟ್ ವಾದ್ಯಗಳಾದುದರಿಂದ ಅವಕ್ಕೂ ಈ ಶ್ರುತಿಗಳು ಅನುಕೂಲ.

ಎರಡನೆಯದು ಅಗಲ. ಮಧ್ಯಮ ಗಾತ್ರವೇ ಸಾಕು. ಭಾರ 9 ಕಿಲೋ ಸುಮಾರು ಇರಲಿ. ಬಯಲಿನಲ್ಲಿ ನಾದ ಸಾಲದೆಂಬ ಅಳುಕು ಬೇಡ. ನಮ್ಮ ಮೆರವಣಿಗೆ ಬಜಾರಿನ ಗೋಡೆಗಳ ನಡುವೆ ಸಾಗುತ್ತದೆ. ಗೋಡೆಗಳೇ ನಾದವನ್ನು ಹಿಂದಿರುಗಿಸುತ್ತವೆ. ಸಭಾಭವನದಲ್ಲಂತೂ ಅತಿ ಅಗಲದ ವಾದ್ಯ ಗಾಯನವನ್ನು ಮುಳುಗಿಸುತ್ತದೆ. ಗೋಲಗುಮ್ಮಟದ ಗ್ಯಾಲರಿಯಲ್ಲಿ ಪಿಸುಮಾತು ಆಚೆಯ ಗೋಡೆಗೆ ಸ್ಪಷ್ಟವಾಗಿ ತಲುಪುತ್ತದೆ, ಕೂಗಿದರೆ ಪ್ರತಿಧ್ವನಿಗಳು ಕಲೆತು ಮಾತೇ ತಿಳಿಯದು. ಇದನ್ನು ಮಕ್ಕಳಿರುವಾಗ ನಾವೆಲ್ಲ ಪರೀಕ್ಷಿಸಿದ್ದೇವೆ. ಸೂಸಾಫೋನ್ ನಡೆಯಲು ಸುಖಕರವಾದರೂ ಕುಳಿತು ನುಡಿಸಲು ಒಡ್ಡು, ಇರಿಸಲು ಜಾಗವೂ ಹೆಚ್ಚು ಬೇಕು. ನಡೆಯುವುದೇ ಮುಖ್ಯವಾದ ಬ್ಯಾಂಡಿಗೆ ಅದು ಒಳ್ಳೆಯದು. ಎಲ್ಲಕ್ಕೂ ಒದಗಬೇಕಾದ ಒಂದೇ ವಾದ್ಯಕ್ಕೆ ಅಲ್ಲ.

ಮೂರನೆಯದು ವಾಲ್ವು. ಮೂರರ ಬದಲು ನಾಲ್ಕು ವಾಲ್ವುಗಳಿರುವುದನ್ನು ಆರಿಸಬೇಕು. ಮೂರನ್ನೂ ಕೂಡಿಸಿ ಒತ್ತಿದಾಗ ಸೇರುವ ಕೊಳವೆಯ ಉದ್ದ ಸಾಲದೆ ಸ್ವರ ಏರಿ ನಿಲ್ಲುತ್ತದೆ. ನಾಲ್ಕನೆಯ ವಾಲ್ವು ಎರಡೂವರೆ ಸ್ವರ ಇಳಿಸಿ ಈ ದೋಷವನ್ನು ತಗ್ಗಿಸುತ್ತದೆ; ಜೊತೆಗೆ ಬಿ-ಫ್ಲ್ಯಾಟ್ ಟ್ಯೂಬಾದ ಮಂದ್ರಸ್ವರಗಳನ್ನೂ ಕೈಗೆಟುಕಿಸುತ್ತದೆ. ದೊಡ್ಡ ವಾದ್ಯಕ್ಕಾಗಿ ಹಂಬಲಿಸುವವರಿಗೆ ಇದಕ್ಕಿಂತ ಸಮಾಧಾನ ಬೇರೆ ಬೇಕೆ? ಈ ದೋಷವನ್ನು ತಾನಾಗಿ ತಿದ್ದಿಕೊಳ್ಳುವ ವ್ಯವಸ್ಥೆಯನ್ನು ಇಂಗ್ಲೆಂಡಿನ ಬ್ಲೇಕ್ಲಿ 1874ರಲ್ಲಿ ರೂಪಿಸಿದರು. ಅದುಳ್ಳ ವಾದ್ಯ ಉತ್ತಮ. ಆದರೆ ಬೆಲೆಯೂ ಭಾರವೂ ಹೆಚ್ಚು. ಮೇಲಿಂದ ಒತ್ತುವ ಪಿಸ್ಟನ್ ವಾಲ್ವು ನಮ್ಮ ಧೂಳಿಗೆ ಸರಿ. ಬಿಚ್ಚಿ ಒರೆಸಿ ಎಣ್ಣೆ ಬಿಡುವುದು ಹುಡುಗರಿಗೂ ಸಾಧ್ಯ.

ನಾಲ್ಕನೆಯದು ಬಿಸಿಲು. ಗಾಳಿ ಬಿಸಿಯಾದಂತೆ ಅದರಲ್ಲಿ ಶಬ್ದದ ವೇಗ ಪ್ರತಿ ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಏರುತ್ತದೆ. 20 ಡಿಗ್ರಿಯ ಜನವರಿಯ ಬೆಳಗಿಗೂ 40 ಡಿಗ್ರಿಯ ಮೇ ತಿಂಗಳ ಸಂಜೆಗೂ ಲೆಕ್ಕ ಹಾಕಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧಸ್ವರದ ಅರ್ಧದಷ್ಟು ಮೇಲೇರಬಲ್ಲದು. ಚಿಕ್ಕ ವಾದ್ಯದೊಳಗಿನ ಗಾಳಿಯನ್ನು ನುಡಿಸುವವನ ಉಸಿರೇ ಒಂದು ಮಟ್ಟಕ್ಕೆ ಕಾಯುತ್ತದೆ. ಬೃಹತ್ ವಾದ್ಯ ಹೊರಗಿನ ಹವೆಗೆ ವಶವಾಗುತ್ತದೆ. ಹಾರ್ಮೋನಿಯಂ ಆದರೋ ಬಿಸಿಲಿಗೆ ಹೀಗೆ ಏರುವುದಿಲ್ಲ. ಆದುದರಿಂದ ಶ್ರುತಿ ಸರಿಪಡಿಸುವ ಮುಖ್ಯ ಕೊಳವೆ ಸರಾಗವಾಗಿ ಜಾರುವಂತಿದೆಯೇ ಎಂದು ಕೊಳ್ಳುವಾಗಲೇ ಪರೀಕ್ಷಿಸಬೇಕು. ಮೆರವಣಿಗೆಗೆ ಮುನ್ನ ಹತ್ತು ನಿಮಿಷ ಊದಿ, ನೆರಳಿನಲ್ಲಿ ಅಲ್ಲ, ಹೊರಡುವ ಬಯಲಿನಲ್ಲಿಯೇ ಶ್ರುತಿ ಕೂಡಿಸಬೇಕು.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದುದು, ನುಡಿಸುವವರು. ಕುಳಿತಾಗ ಮೌತ್‌ಪೀಸ್ ತುಟಿಗೆ ನೇರವಾಗಿ ಬರಬೇಕು, ಕತ್ತು ಚಾಚುವಂತಾಗಬಾರದು. ಒಂದು ಕೀರ್ತನೆಯ ಸಾಲು ಒಂದೇ ಉಸಿರಿನಲ್ಲಿ ಮುಗಿಯಬೇಕು. ಹದಿನಾಲ್ಕು ತುಂಬದ ಮಕ್ಕಳು ಯುಫೋನಿಯಂನಿಂದ ಆರಂಭಿಸಲಿ. ಬೆರಳಾಟ ಒಂದೇ ಬಗೆಯದು, ಭಾರ ಅರ್ಧಕ್ಕಿಂತ ಕಡಿಮೆ. ಹೆಣ್ಣುಮಕ್ಕಳಿಗೆ ಬಾಸ್ ಆಗದು ಎನ್ನುವವರಿದ್ದಾರೆ. ಅಳತೆ ಸರಿಯಿದ್ದರೆ ಆಗುತ್ತದೆ. ನಮ್ಮ ಬ್ಯಾಂಡಿನಲ್ಲಿಯೇ ಕಲಿಯಬಯಸುವ ಇಬ್ಬರಿದ್ದಾರೆ.

ಉಪಸಂಹಾರ

ಹಲವು ವರ್ಷಗಳ ಬಳಿಕ ಧರ್ಮಕೇಂದ್ರದ ಗುರುವಾಗಿ ನಾನು ಇಲ್ಲಿಗೆ ಮರಳಿದಾಗ ಟಿಕೋಟಾದ ಆ ಹುಡುಗ ನಡುವಯಸ್ಸಿನ ಗೃಹಸ್ಥನಾಗಿದ್ದ. ಈಗ ಅವನಿಗೆ ಸ್ವಂತ ದ್ರಾಕ್ಷಿ ಬಳ್ಳಿಗಳಿವೆ. ಹಬ್ಬಕ್ಕೆ ತಪ್ಪದೆ ಬರುತ್ತಾನೆ. ಆದರೆ ಮೆರವಣಿಗೆಯಲ್ಲಿ ಬ್ಯಾಂಡಿನಿಂದ ದೂರ, ಮುಂದೆ, ಶಿಲುಬೆ ಹಿಡಿದವರ ಬಳಿ ನಡೆಯುತ್ತಾನೆ. ಕಳೆದ ಕ್ರಿಸ್ಮಸ್ಸಿನಲ್ಲಿ ನಾನು ಅವನನ್ನು ಕರೆದು, ಅಂದು ಗದರಿದ್ದಕ್ಕೆ ಕ್ಷಮೆ ಕೇಳಿದೆ. ಅವನು ನಾಚಿದ. ಸ್ವಲ್ಪ ಹೊತ್ತು ಬಿಟ್ಟು, "ಭಾಳ ಭಾರಾ ಇತ್ರೀ ಫಾದರ್ ಅದು. ಆದ್ರ ದನಿ ಚೊಲೊ ಇತ್ತು" ಎಂದ. ಆ ದನಿಯನ್ನು ಅವನಿಂದ ಕಸಿದುಕೊಂಡದ್ದು ವಾದ್ಯದ ಭಾರವಲ್ಲ, ನನ್ನ ಡಂಭ.

ಯುವಜನ ಸಂಘದವರಿಗೆ ನಾನು ಕೊಡುವ ಉತ್ತರ ಇಷ್ಟೇ. ನಾಲ್ಕು ವಾಲ್ವಿನ, ಮಧ್ಯಮ ಗಾತ್ರದ ಇ-ಫ್ಲ್ಯಾಟ್ ಟ್ಯೂಬಾ ಒಂದನ್ನು ತರೋಣ. ಉಳಿದ ಹಣದಲ್ಲಿ ಮಕ್ಕಳಿಗಾಗಿ ಒಂದು ಯುಫೋನಿಯಂ ಕೊಳ್ಳೋಣ. ಅಂಗಡಿಗೆ ಈ ಸಲ ನಾನೊಬ್ಬನೇ ಹೋಗುವುದಿಲ್ಲ. ನುಡಿಸುವವರು ಬರಲಿ, ಹಾಡುವವರಲ್ಲಿ ಒಬ್ಬರು ಬರಲಿ, ಹಾರ್ಮೋನಿಯಂ ಜೊತೆಗಿರಲಿ. ಟಿಕೋಟಾದ ಆ ಬಂಧುವನ್ನೂ ಕರೆದಿದ್ದೇನೆ. ಬರುವೆನೆಂದಿದ್ದಾನೆ. ಅವನ ಕಿವಿ ಇನ್ನೂ ಚೆನ್ನಾಗಿಯೇ ಇದೆ.

ಮುಂದಿನ ನೂರು ವರ್ಷಗಳ ಚರಿತ್ರೆಯನ್ನು ಬರೆಯುವವರು ನಮ್ಮ ಬಾಸ್ ಎಷ್ಟು ದೊಡ್ಡದಿತ್ತೆಂದು ಬರೆಯದಿದ್ದರೂ ಚಿಂತೆಯಿಲ್ಲ. ಮೆರವಣಿಗೆಯಲ್ಲಿ ಜನ ಕಡೆಯ ಚರಣದವರೆಗೂ ಹಾಡುತ್ತಿದ್ದರೆಂದು ಬರೆದರೆ ಸಾಕು. ಸರ್ವೇಶ್ವರನು ಹಾಡುವವರನ್ನೂ ಅವರ ಹಿಂದೆ ಮಂದ್ರಸ್ವರವನ್ನು ಹೊತ್ತು ನಡೆಯುವವರನ್ನೂ ಹರಸಲಿ.